‘ಕಾಲು ಜಾರಿ’ಗೆ ಒತ್ತದ ಹೆಬ್ಬೆಟ್ಟು

ಸೂರ್ಯ ಇನ್ನೂ ಕಬ್ಬಿನ ಗದ್ದೆಯಿಂದ ಮೇಲೆದ್ದಿಲ್ಲ. ಪಾಂಡವಪುರದ ಕಡೆಯ ನಾಲೆ ಏರಿಯ ಮೇಲೆ ಇಬ್ಬರು ಗಂಡಸರು ಮುಖವನ್ನು ಆ ಕಡೆ ತಿರುಗಿಸಿಕೊಂಡು ಒಂದು ದುಪ್ಪಟಿಯನ್ನು ಅಗಲವಾಗಿ ಹಿಡಿದು ನಿಂತಿದ್ದಾರೆ. ದುಪ್ಪಟಿಯ ಈಚೆಗೆ ದಫೇದಾರರು ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರವಿಕೊಂಡು ಪೆನ್ನು ಹಿಡಿದಿದ್ದಾರೆ. ಆಚೆಗೆ ಬೈರಮ್ಮ, ಮತ್ತು ತೂಬಿನ ಕಂಬಿಗೆ ಸಿಕ್ಕಿಕೊಂಡಿದ್ದ ಒಬ್ಬ ಹೆಂಗಸಿನ ಹೆಣ.

“ಕಿವೀಲಿ ಓಲೆ ಐತೆ. ಎಡಗೈಲಿ ಬಳೆ ಇಲ್ಲ. ಮೊಣಕಾಲ್ ತರ್ಚೈತೆ. ಬೆನ್ ಮ್ಯಾಲೆ ಏನೂ ಇಲ್ಲ,” ಎಂದು ಬೈರಮ್ಮ ಒಳಗಿನಿಂದ ಕೂಗಿ ಹೇಳುತ್ತಾರೆ. ದಫೇದಾರರು ಬರೆಯುತ್ತಾರೆ. ಹೆಂಗಸಿನ ಶವವಾದರೆ ಹೆಂಗಸೇ ನೋಡಿ ಹೇಳಬೇಕು, ಹೇಳಿದ್ದನ್ನು ಪೊಲೀಸರು ಬರೆದುಕೊಳ್ಳಬೇಕು, ಕೊನೆಗೆ ನೋಡಿದವಳ ರುಜುವೋ ಹೆಬ್ಬೆಟ್ಟೋ ಬೀಳಬೇಕು. ನಮ್ಮ ಕಡೆ ಶವ ಪಂಚನಾಮೆ ನಡೆಯುವುದು ಹೀಗೆ. ಸಾವು ಹೇಗಾಯಿತು ಎಂದು ಸರ್ಕಾರಕ್ಕೆ ಮೊದಲು ತಿಳಿಯುವುದು ಈ ಕಾಗದದಿಂದ.

ಸೀರೆ ಸರಿಮಾಡಿ, ಹೆಣದ ಮುಖ ಒರೆಸಿ ಬೈರಮ್ಮ ಈಚೆ ಬರುತ್ತಾರೆ. ದಫೇದಾರರು ಗಡಿಬಿಡಿಯಲ್ಲಿ ಓದಿ ಹೇಳಿ ಶಾಯಿಯ ಪ್ಯಾಡು ಮುಂದೆ ಹಿಡಿಯುತ್ತಾರೆ. “ಒತ್ತಮ್ಮ ಬೇಗ, ಆಸ್ಪತ್ರೆಗೆ ಸಾಗಿಸ್ಬೇಕು.” ಬೈರಮ್ಮ ಒತ್ತುವುದಿಲ್ಲ. ಕಾಗದ ಇಸಿದುಕೊಂಡು ತೋರುಬೆರಳನ್ನು ಸಾಲಿನ ಮೇಲೆ ಎಳೆಯುತ್ತಾ ಹೋಗುತ್ತಾರೆ, ಅಕ್ಕಿಯಲ್ಲಿ ಕಲ್ಲು ಹುಡುಕುವವರ ಹಾಗೆ. ಬೆರಳು ಒಂದು ಕಡೆ ನಿಲ್ಲುತ್ತದೆ.

“ಇದ್ಯಾಕ್ ಸಾಮಿ ಇಲ್ಲಿ ಕುಂತೈತೆ? ಓದ್ವಾಗ ಬರ್ನೇ ಇಲ್ವಲ್ಲ?”

“ಯಾವ್ದು?”

“ಕಾಲು ಜಾರಿ.”

“ಅದು ಮಾಮೂಲಾಗಿ ಬರಿಯೋದು ಕಣಮ್ಮ.”

“ಮಾಮೂಲಿ ನಿಮ್ಗೆ. ಇವ್ಳು ಸತ್ತಿರದು ಒಂದೇ ಸಲ.”

ದುಪ್ಪಟಿ ಹಿಡಿದಿದ್ದವರಲ್ಲಿ ಒಬ್ಬ ಕೆಮ್ಮುತ್ತಾನೆ. ದಫೇದಾರರು ಬೈಯುತ್ತಾರೆ, ಜೀಪಿನ ಸುತ್ತ ಒಂದು ಸುತ್ತು ಬಂದು ಮತ್ತೆ ಬೈಯುತ್ತಾರೆ. ಬೈರಮ್ಮ ಏರಿಯ ಮೇಲೆ ಕೂತು ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಕೊನೆಗೆ ಹೊಸ ಕಾಗದ ಬರುತ್ತದೆ. “ನಾಲೆಯ ನೀರಿನಲ್ಲಿ ಶವ ದೊರೆತಿದ್ದು” ಎಂಬಲ್ಲಿಗೇ ಆ ವಾಕ್ಯ ನಿಲ್ಲುತ್ತದೆ. ಆಗ ಒತ್ತಿ, ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಅವರು ಬಸ್ಸಿನ ದಾರಿ ಹಿಡಿಯುತ್ತಾರೆ.

ಈ ಎರಡು ಪದದ ಮೇಲೆ ನನಗಿರುವ ಸಿಟ್ಟನ್ನು ಇಲ್ಲೇ ಹೇಳಿಬಿಡುತ್ತೇನೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಯಾವ ಕಡೆಯ ಸುದ್ದಿಯನ್ನಾದರೂ ನೋಡಿ. ಗಂಡಸು ನೀರು ಪಾಲಾದರೆ ಈಜಲು ಹೋಗಿರುತ್ತಾನೆ, ಎತ್ತು ತೊಳೆಯಲು ಇಳಿದಿರುತ್ತಾನೆ, ಕುಡಿದಿರುತ್ತಾನೆ. ಅವನ ಸಾವಿಗೆ ಒಂದು ಕಥೆ ಇರುತ್ತದೆ. ಹೆಂಗಸಿಗೆ ಮಾತ್ರ ಕಾಲು ಜಾರುತ್ತದೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಗೇಣಗಲದ ಬದುವಿನ ಮೇಲೆ ದಿನಾ ಓಡಾಡುವವಳಿಗೆ, ಹುಟ್ಟಿದಾಗಿನಿಂದ ಸೋಪಾನಕಲ್ಲಿನ ಮೇಲೆ ಬಟ್ಟೆ ಒಗೆದವಳಿಗೆ ಕಾಲು ಜಾರುತ್ತದಂತೆ! ಅಷ್ಟಕ್ಕೂ ‘ಕಾಲು ಜಾರಿದವಳು’ ಎಂದರೆ ನಮ್ಮ ಮಾತಿನಲ್ಲಿ ಇನ್ನೇನು ಅರ್ಥ ಬರುತ್ತದೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸತ್ತವಳ ಜೀವಕ್ಕೂ ಮಾನಕ್ಕೂ ಒಂದೇ ಮಾತಿನಲ್ಲಿ ಮಣ್ಣು ಹಾಕಿದಂತಾಯಿತು. ಬರೆಯುವವರಿಗೆ ನಾಚಿಕೆ ಇಲ್ಲ, ದಿನವೂ ಓದುವ ನಮಗೂ ಇಲ್ಲ.

ಬೈರಮ್ಮ ಹುಟ್ಟಿದ್ದು ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯಲ್ಲಿ, ಕುರಿ ಮೇಯಿಸುತ್ತಾ ಬೆಳೆದವರು. ಕೊಟ್ಟಿದ್ದು ನೀರಾವರಿಯ ಅರಕೆರೆಗೆ. ನಾಟಿ, ಕಳೆ, ಕಬ್ಬಿನ ಸೋಗೆ ಸುಲಿಯುವುದು, ಹೊಟ್ಟೆಪಾಡಿಗೆ ಇವತ್ತಿಗೂ ಅದೇ ಕೆಲಸ. ಪಂಚನಾಮೆ ಕೆಲಸ ತಗಲಿಕೊಂಡದ್ದು ಆಕಸ್ಮಿಕ. ಒಂದು ದಿನ ಕಳೆ ಕೀಳುತ್ತಿದ್ದಾಗ ಏರಿಯ ಮೇಲೆ ಪೊಲೀಸರು ನಿಂತು, ಯಾರಾದರೂ ಒಬ್ಬ ಹೆಂಗಸು ಬನ್ನಿ ಎಂದು ಕೂಗಿದರು.

“ಎಲ್ರೂವೆ ಸೀರೆ ಎತ್ಕಟ್ಕೊಂಡು ಓಡೋದ್ರು. ನಂಗೂ ಎದ್ರಿಕೆನೇ. ಆದ್ರೆ ಆ ಎಣ್ಮಗ ಅಲ್ಲಿ ಬಿಸ್ಲಲ್ಲಿ ಬಿದ್ದಿತ್ತು ಸಾಮಿ, ಮೈಮ್ಯಾಲೆ ನೆಟ್ಟುಗ್ ಬಟ್ಟೆ ಇಲ್ಲ, ಸುತ್ತಾ ಗಂಡುಸ್ರು. ಎಂಗ್ ಬುಟ್ಟೋಗ್ಲಿ?”

ಅಂದಿನಿಂದ ನಾಲ್ಕೂ ತಾಲ್ಲೂಕಿನಿಂದ ಕರೆ ಬರಲು ಶುರುವಾಯಿತು. ಈಗ ಬಸ್ ಸ್ಟ್ಯಾಂಡಿನ ಚಿಕ್ಕಸ್ವಾಮಿಯ ಟೀ ಅಂಗಡಿಯ ಎಸ್‌ಟಿಡಿ ಬೂತಿಗೆ ಫೋನು ಬರುತ್ತದೆ. ಅವನು ರಸ್ತೆಗೆ ಬಂದು “ಬೈರಕ್ಕೋ, ಬುಲಾವ್ ಬಂತು” ಎಂದು ಕೂಗುತ್ತಾನೆ. ಇದಕ್ಕೆ ನೇಮಕವಿಲ್ಲ, ಸಂಬಳವಿಲ್ಲ, ಹೆಸರಿಲ್ಲ. ಇರುವುದು ಊರಿನವರ ಹಿಂಜರಿಕೆ ಮಾತ್ರ. ಮದುವೆ ಮನೆಯಲ್ಲಿ ಅರಿಶಿನ ಹಚ್ಚಲು ಇವರನ್ನು ಕರೆಯುವುದಿಲ್ಲ. ನಾಟಿಗೆ ಬಂದರೆ “ಮಿಂದ್ಕೊಂಡ್ ಬಂದ್ಯೇನಮ್ಮ?” ಎಂದು ಕೇಳುತ್ತಾರೆ. ಗಂಡ ಚಲುವಯ್ಯ ಮಾತ್ರ ಒಂದು ದಿನವೂ ಬೇಡ ಎಂದಿಲ್ಲ. “ಇವ್ಳ್ ಬಾಯಿ ಬದ್ಕಿರೋರ್ಗಿಂತ ಸತ್ತೋರ್ಗೇ ಎಚ್ಗೆ ಉಪಯೋಗ ಕಣ್ರೀ,” ಎಂದು ರೇಗಿಸುತ್ತಲೇ ಹಿತ್ತಿಲಲ್ಲಿ ಹಂಡೆಗೆ ನೀರು ತುಂಬಿ ಉರಿ ಹಾಕುತ್ತಾರೆ.

ಮಾತು ಪ್ರಮೀಳಾಳ ಕಡೆಗೆ ತಿರುಗಿದ ಕೂಡಲೇ ಬೈರಮ್ಮನ ದನಿ ಇಳಿಯುತ್ತದೆ. ಕ್ಯಾತನಹಳ್ಳಿಯ ಅಣ್ಣಮ್ಮನ ಮಗಳು ಪ್ರಮೀಳಾ, ತೊಂಬತ್ನಾಲ್ಕರಲ್ಲಿ ಗಂಡನ ಊರಿನ ನಾಲೆಯಲ್ಲಿ ಸಿಕ್ಕಿದಳು. ಮದುವೆಯಾಗಿ ಏಳು ವರ್ಷ ದಾಟಿತ್ತು, ಹಾಗಾಗಿ ತಹಸೀಲ್ದಾರರೇ ಬಂದು ನೋಡಬೇಕೆಂಬ ಕಾನೂನೂ ಅವಳಿಗೆ ಒದಗಲಿಲ್ಲ. ದುಪ್ಪಟಿಯ ಮರೆಯಿಂದ ಬೈರಮ್ಮ ಕೂಗಿ ಹೇಳಿದ್ದರು: ಎರಡೂ ರಟ್ಟೆಯ ಮೇಲೆ ಬಿಗಿಯಾಗಿ ಹಿಡಿದ ಬೆರಳಿನ ಗುರುತು ಇದೆ. ಬರೆದುಕೊಂಡವರು ಅದನ್ನು ಹಾಗೇ ಓದಿ ಹೇಳಿದರು. ನಂಬಿ ಇವರು ಹೆಬ್ಬೆಟ್ಟು ಒತ್ತಿದರು.

ಅಣ್ಣಮ್ಮನ ದೂರಿನಿಂದ ಗಂಡನ ಮನೆಯವರ ಮೇಲೆ ಕೇಸಾಯಿತು. ಎರಡು ವರ್ಷದ ಮೇಲೆ ಬೈರಮ್ಮ ಕೋರ್ಟಿಗೆ ಸಾಕ್ಷಿ ಹೇಳಲು ಹೋದಾಗ ಗಂಡನ ಕಡೆಯ ವಕೀಲರು ಅದೇ ಕಾಗದವನ್ನು ಓದಿದರು. ಮೈಮೇಲೆ ಯಾವ ಗಾಯದ ಗುರುತೂ ಕಂಡುಬಂದಿಲ್ಲ, ಬಟ್ಟೆ ಒಗೆಯುವಾಗ ಕಾಲು ಜಾರಿ ನೀರಿಗೆ ಬಿದ್ದಿರುತ್ತಾಳೆ. ಓದಿದ್ದೇ ಒಂದು, ಬರೆದಿದ್ದೇ ಒಂದು! ಅಕ್ಷರ ಬಾರದವಳ ಎದುರು ಅಕ್ಷರ ಬಲ್ಲವರು ಆಡಿದ ಈ ಆಟಕ್ಕೆ ಏನೆಂದು ಹೆಸರಿಡಬೇಕೋ ನನಗೆ ತಿಳಿಯದು. ಮೋಸ ಎನ್ನುವ ಮಾತು ಇದಕ್ಕೆ ಸಾಲುವುದಿಲ್ಲ.

“ಈ ಎಬ್ಬೆಟ್ಟು ನಿಂದೇ ತಾನೇ ಅಂದ್ರು. ನಂದೇ, ಆದ್ರೆ ನಾನ್ ಯೋಳಿದ್ದು ಅದಲ್ಲ ಅಂದೆ. ಅದೆಲ್ಲ ಬ್ಯಾಡ, ನಿಂದೋ ಅಲ್ವೋ ಅಷ್ಟ್ ಯೋಳು ಅಂದ್ರು. ನಂದಲ್ಲ ಅನ್ನಕ್ಕಾಯ್ತದಾ? ನಂದೇ ಅಂದೆ.”

ಗಂಡನ ಮನೆಯವರು ಬಿಡುಗಡೆಯಾದರು. ಪ್ರಮೀಳಾಳನ್ನು ಹಿಡಿದವರು ಯಾರೆಂದು ಬೈರಮ್ಮನಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಯಾರೋ ಹಿಡಿದಿದ್ದರು ಎಂಬುದು ಮಾತ್ರ ಗೊತ್ತು. ಕೋರ್ಟಿನ ಮೆಟ್ಟಿಲ ಮೇಲೆ ಅಣ್ಣಮ್ಮ ಇವರನ್ನು ತಡೆದು ಕೇಳಿದ್ದು ಒಂದೇ ಮಾತು. “ನೀನೂ ಎಂಗ್ಸಲ್ವೇನವ್ವ?” ಅಲ್ಲಿಂದೀಚೆಗೆ ಬೈರಮ್ಮ ಕ್ಯಾತನಹಳ್ಳಿಯ ದಾರಿ ತುಳಿದಿಲ್ಲ.

ತುಳಿದದ್ದು ಸಾಕ್ಷರತಾ ಆಂದೋಲನದವರ ಸಂಜೆ ಕ್ಲಾಸಿನ ಮೆಟ್ಟಿಲು. ಕಲಿಸುವ ಹುಡುಗಿ ಅ, ಆ ಎಂದು ಶುರುಮಾಡಿದರೆ ಇವರು ಒಪ್ಪಲಿಲ್ಲ. “ಅವೆಲ್ಲ ಬ್ಯಾಡ ಕಣವ್ವ, ಕಾಲು ಜಾರಿ ಅಂತ ಎಂಗ್ ಬರೀತಾರೆ, ಅದ್ನ ತೋರ್ಸು ಸಾಕು ಅಂದೆ. ಬಿದ್ದು ಬಿದ್ದು ನಗಾಡ್ತು. ನಾಕೇ ಅಕ್ಸರ ಸಾಮಿ. ನನ್ ಎಸ್ರು ಬರಿಯಾಕ್ ಇವತ್ಗೂ ಬರಾಕಿಲ್ಲ.”

ಮೊದಮೊದಲು ಪೊಲೀಸರಿಗೂ ಇದು ತಮಾಷೆಯಾಗಿತ್ತು. ಆಮೇಲೆ ಒಂದು ಠಾಣೆಯವರು ಉಪಾಯ ಕಂಡುಕೊಂಡರು. ‘ಕಾಲು ಜಾರಿ’ ಬಿಟ್ಟು ‘ಆಯತಪ್ಪಿ’ ಎಂದು ಬರೆಯತೊಡಗಿದರು! ಒಂದು ಕಾಗದದಲ್ಲಿ ಬೈರಮ್ಮನ ಬೆರಳು ಅದನ್ನು ದಾಟಿಹೋಯಿತು, ಒತ್ತಿಬಿಟ್ಟರು. ವಿಷಯ ಗೊತ್ತಾದ ಮೇಲೆ ಎರಡು ದಿನ ಊಟ ಬಿಟ್ಟರಂತೆ. ಮೂರನೆಯ ದಿನ ಮತ್ತೆ ಕ್ಲಾಸಿಗೆ ಹೋದರು. ಈಗ ಎರಡು ಮಾತು ಬರುತ್ತದೆ. ಮೂರನೆಯದನ್ನು ಯಾವ ಠಾಣೆ ಹುಡುಕುತ್ತಿದೆಯೋ ನೋಡಬೇಕು.

ಹುಡುಕುವ ಕಷ್ಟವನ್ನೂ ಕೆಲವರು ಬಿಟ್ಟಿದ್ದಾರೆ. ಬೈರಮ್ಮನಿಗೆ ಫೋನು ಮಾಡುವುದನ್ನೇ ನಿಲ್ಲಿಸಿದ್ದಾರೆ. ಕೇಳದೆ ಒತ್ತುವ ಬೇರೆ ಹೆಂಗಸರು ಸಿಗುತ್ತಾರೆ. ಆದರೂ ನಾಲೆಯಲ್ಲಿ ಹೆಣ ಎಂದು ಕಿವಿಗೆ ಬಿದ್ದರೆ ಕರೆಯದಿದ್ದರೂ ಬೈರಮ್ಮ ಮೊದಲ ಬಸ್ಸಿಗೆ ಹೊರಡುತ್ತಾರೆ. ಮೊನ್ನೆ ಕೆ.ಆರ್. ಪೇಟೆ ಕಡೆ ಇವರನ್ನು ದುಪ್ಪಟಿಯ ಹತ್ತಿರಕ್ಕೂ ಬಿಡಲಿಲ್ಲ. ದೂರದಲ್ಲಿ ನಿಂತೇ “ಓದ್ಸಿ ಒತ್ತವ್ವೋ, ಓದ್ಸಿ ಒತ್ತು” ಎಂದು ಆ ಇನ್ನೊಬ್ಬಳಿಗೆ ಕೂಗಿ ಬಂದಿದ್ದಾರೆ.

ಚಿಕ್ಕಸ್ವಾಮಿಯ ಅಂಗಡಿಯಲ್ಲಿ ಟೀ ಕುಡಿಯುತ್ತಾ, ನಿಮ್ಮ ಆಸೆ ಏನಮ್ಮ ಎಂದು ಕೇಳುತ್ತೇನೆ. ಪತ್ರಕರ್ತರು ಎಲ್ಲರನ್ನೂ ಕೇಳುವ ಮಾಮೂಲಿ ಪ್ರಶ್ನೆ. ಬೈರಮ್ಮ ನನ್ನ ಕೈಯಲ್ಲಿನ ಹಾಳೆ ನೋಡುತ್ತಾರೆ.

“ಬರ್ಕೊಳಿ. ಅಣ್ಣಮ್ಮನ ಮಗ್ಳು ಪ್ರಮೀಳಾ ಕಾಲು ಜಾರ್ಲಿಲ್ಲ. ಎಲ್ಡು ರಟ್ಟೆ ಮ್ಯಾಲೂ ಇಡ್ದಿದ್ ಗುರ್ತು ಇತ್ತು. ನೋಡ್ದೋಳು ನಾನು, ಅರಕೆರೆ ಬೈರಮ್ಮ.”

ಬರೆದು ಓದಿ ಹೇಳುತ್ತೇನೆ. ಅವರು ತಲೆಯಾಡಿಸುವುದಿಲ್ಲ. ಹಾಳೆ ಇಸಿದುಕೊಂಡು ಚಿಕ್ಕಸ್ವಾಮಿಯ ಮುಂದೆ ಹಿಡಿಯುತ್ತಾರೆ. “ನೀನ್ ಓದ್ಲಾ.” ನನಗೆ ಒಂದು ಕ್ಷಣ ಮುಖಕ್ಕೆ ಹೊಡೆದಂತಾಗುತ್ತದೆ, ಮರುಕ್ಷಣವೇ ಸಂತೋಷವಾಗುತ್ತದೆ. ಅವನು ಅದನ್ನೇ ಓದಿದ ಮೇಲೆ ಬೈರಮ್ಮ, ಒಲೆಯಿಂದ ಕೆಳಗಿಳಿಸಿಟ್ಟಿದ್ದ ಟೀ ಪಾತ್ರೆಯ ಮಸಿ ಹಿಡಿದ ತಳಕ್ಕೆ ಹೆಬ್ಬೆರಳು ಉಜ್ಜಿ, ನನ್ನ ಬರಹದ ಕೆಳಗೆ ಊರಿ ಒತ್ತುತ್ತಾರೆ.

ಪೇಪರಿನಲ್ಲಿ ಹೆಬ್ಬೆಟ್ಟು ಅಚ್ಚು ಹಾಕುವ ಪದ್ಧತಿ ಇಲ್ಲಮ್ಮ ಎನ್ನುತ್ತೇನೆ.

“ಸುಳ್ಳಿಗೆ ಒತ್ತಿಸ್ಕೊಂಡೋರು ಅದ್ನ ಕೋರ್ಟಲ್ಲಿ ಬದ್ರವಾಗ್ ಮಡಗವ್ರೆ ಸಾಮಿ,” ಎನ್ನುತ್ತಾರೆ ಬೈರಮ್ಮ. “ನಿಜುಕ್ಕೆ ಒತ್ತಿರದ್ನ ನೀವೆಲ್ ಮಡುಗ್ತೀರಿ, ಅದ್ ಯೋಳಿ.”