ಗುಡ್ಡದೂರಿನಲ್ಲಿ ಸಿಕ್ಕ ಮುತ್ತಜ್ಜ

ಪ್ಲೇಗಿಗೆ ಹೆದರಿ ಹೊಲದ ಗುಡಿಸಲು ಸೇರಿದ್ದ ಜನ ಮರಳಿ ಊರೊಳಗೆ ಬಂದ ವರ್ಷವದು. ನಾನು ಬೈಲಹೊಂಗಲದ ಕನ್ನಡ ಸಾಲೆಯಲ್ಲಿ ಮಾಸ್ತರನಾಗಿದ್ದೆ. ರಜೆ ಸಿಕ್ಕರೆ ಕಿತ್ತೂರಿನ ಕಡೆ ಹೋಗಿ, ಮುದುಕರನ್ನು ಮಾತಿಗೆಳೆದು ಹಳೆಯ ಸಂಗತಿ ಬರೆದುಕೊಳ್ಳುವುದು ನನ್ನ ಹುಚ್ಚು.

ಆಗಷ್ಟೇ ಸವದತ್ತಿಯ ಅರಿವೆ ವ್ಯಾಪಾರಿ ಶಿವಬಸಪ್ಪನವರ ಮಗಳು ನೀಲವ್ವನ ಜೊತೆ ನನ್ನ ಮದುವೆ ಗಟ್ಟಿಯಾಗಿತ್ತು. ಹೆಣ್ಣು ನೋಡಲು ಹೋದ ದಿನ ಆಕೆ ತಲೆಯೆತ್ತಿ, "ಲಗ್ನ ಆದಮ್ಯಾಲ ನನಗ ಓದಾಕ ಕಲಸ್ತೀರೇನ್ರಿ?" ಎಂದು ಕೇಳಿದ್ದಳು. ಅವಳ ಸೋದರತ್ತೆ ಗದರಿದರು. ನಾನು ಹೂಂ ಅಂದೆ. ಅಂದಿನಿಂದ ನನ್ನ ಮನಸ್ಸೆಲ್ಲ ಸವದತ್ತಿಯಲ್ಲೇ.

ನನ್ನ ಹುಚ್ಚು ಶಿವಬಸಪ್ಪನವರಿಗೂ ಹಿಡಿಸಿತು. "ಮಾಸ್ತರ, ಊರ ಮಂದಿ ಕಥಿ ಬರೀತೀರಿ. ನಮ್ಮ ಮನೀದೂ ಬರೀರಿ. ನಮ್ಮ ಹಿರ್ಯಾರು ರಾಮದುರ್ಗದ ಆಚಿ ಗುಡ್ಡದಿಂದ ಬಂದಾರಂತ" ಎಂದರು. ನಮ್ಮ ಹಿರಿಯರೂ ಆ ಸೀಮೆಯವರೇ ಎಂದು ಅಪ್ಪ ಹೇಳುತ್ತಿದ್ದ. ಬರಗಾಲದಲ್ಲಿ ಚದುರಿದ ಕುಟುಂಬಗಳಿಗೆ ಅದಕ್ಕಿಂತ ಹೆಚ್ಚು ನೆನಪಿರಲಿಲ್ಲ. ಶಿವಬಸಪ್ಪನವರೂ ನಾನೂ ಚಕ್ಕಡಿಯಲ್ಲಿ ಹೊರಟೆವು.

ರಾಮದುರ್ಗದಲ್ಲಿ ವಿಚಾರಿಸಿದಾಗ, ಗುಡ್ಡದ ಮೇಲಿನ ಹಳ್ಳಿಯೊಂದರಲ್ಲಿ ಹೆಳವನೊಬ್ಬ ಇಳಿದುಕೊಂಡಿದ್ದಾನೆಂದು ತಿಳಿಯಿತು. ಮನೆತನಗಳ ವಂಶಾವಳಿಯನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದವರು ಹೆಳವರು. ಗುಡ್ಡ ಹತ್ತಿ ಅವನ ಮುಂದೆ ಕೂತಾಗ ಶಿವಬಸಪ್ಪನವರು ತಮ್ಮ ಅಜ್ಜನ ಹೆಸರು ರುದ್ರಪ್ಪ ಎಂದರು. ಹೆಳವ ಕಣ್ಣು ಮುಚ್ಚಿ ಶುರು ಮಾಡಿದ.

"ಕಲ್ಲಪ್ಪಗ ಇಬ್ಬರು ಗಂಡಮಕ್ಕಳು. ಸಣ್ಣಾವ ರುದ್ರಪ್ಪ, ಸವದತ್ತಿಗೆ ಹೋಗಿ ಅರಬಿ ಮಾರಿದ. ಹಿರ್ಯಾ ಅಡಿವೆಪ್ಪ, ಬೈಲಹೊಂಗಲಕ್ಕ ಹ್ವಾದ. ಅಂವನ ಎಡಗೈಗೆ ಆರು ಬಟ್ಟು."

ಅಡಿವೆಪ್ಪ ನನ್ನ ಮುತ್ತಜ್ಜ. ಆರು ಬೆರಳಿನ ಮಾತು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಗೆಂದು ಹೇಳಿಯೂಬಿಟ್ಟೆ. ಶಿವಬಸಪ್ಪನವರು, "ಅಂದ್ರ ನೀವು ನಮ್ಮ ರಕ್ತಾನ ಅಲ್ಲೇನ್ರಿ?" ಎನ್ನುತ್ತ ನನ್ನನ್ನು ತಬ್ಬಿಕೊಂಡರು. ಆಮೇಲೆ ಅವರ ಕೈಗಳು ಮೆಲ್ಲಗೆ ಸಡಿಲಾದವು. ಅಣ್ಣತಮ್ಮಂದಿರ ವಂಶದೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ. ಆ ಲೆಕ್ಕದಲ್ಲಿ ನೀಲವ್ವ ನನಗೆ ತಂಗಿ.

ಮರಳುವ ದಾರಿಯಲ್ಲಿ ನಾನೇ ನಾಚಿಕೆ ಬಿಟ್ಟು ಕೇಳಿಕೊಂಡೆ: "ನಮ್ಮ ಊರಾಗ ಇದು ಯಾರಿಗೂ ಗೊತ್ತಿಲ್ರಿ. ಇಲ್ಲೇ ಬಿಟ್ಟು ಹೋಗೂಣು."

"ಗೊತ್ತಿಲ್ಲದ ಮಾಡಿದ್ರ ದೇವರು ಕ್ಷಮಾ ಮಾಡತಿದ್ದ. ಈಗ ಗೊತ್ತಾತಲ್ಲ, ತಮ್ಮಾ. ಇನ್ನ ನಾ ನಿನಗ ಕಾಕಾ" ಎಂದರು. ಅವರ ಕಣ್ಣಲ್ಲೂ ನೀರಿತ್ತು. ಆದರೂ ಮನಸ್ಸು ಕರಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ನೀಲವ್ವನನ್ನು ರಾಮದುರ್ಗಕ್ಕೆ ಕೊಟ್ಟರು. ಮದುವೆಗೆ ಕರೆಯಲು ಬಂದ ಶಿವಬಸಪ್ಪನವರು, "ಆಕಿಗೆ ಒಡಹುಟ್ಟಿದವರಿಲ್ಲ. ಅಣ್ಣನ ಶಾಸ್ತ್ರ ನೀನ ಮಾಡಬೇಕು" ಎಂದರು. ಅದನ್ನವರು ದೊಡ್ಡ ಗೌರವವೆಂದೇ ತಿಳಿದಿದ್ದರು. ಒಲ್ಲೆನೆನ್ನಲು ಯಾವ ಕಾರಣ ಕೊಡಲಿ?

ಹಂದರದಲ್ಲಿ ಅವಳ ಉಡಿಗೆ ಸೀರೆ ಹಾಕಿದೆ. "ಅಣ್ಣಗ ನಮಸ್ಕಾರ ಮಾಡವಾ" ಎಂದರು ಸುತ್ತಲಿನ ಹೆಂಗಸರು. ಬಗ್ಗಿದವಳು ನನಗಷ್ಟೇ ಕೇಳುವಂತೆ, "ಯಾಕ ಹೋಗಿದ್ರಿ ಆ ಗುಡ್ಡಕ್ಕ?" ಎಂದಳು.

ನಾನೀಗ ಮುದುಕ. ಅಂದಿನಿಂದ ಯಾರ ಮನೆತನದ ಮೂಲವನ್ನೂ ಕೇಳಲಿಲ್ಲ. ಆ ಹೆಳವನ ಮೇಲಾಗಲಿ ಶಿವಬಸಪ್ಪನವರ ಮೇಲಾಗಲಿ ನನಗೆ ಸಿಟ್ಟಿಲ್ಲ. ಇರುವುದು ಅಡಿವೆಪ್ಪನ ಮೇಲೆ. ಅವನನ್ನು ನಾನು ಕಂಡವನೂ ಅಲ್ಲ.