ಅಡುಗೆಮನೆಯ ಸೊಲ್ಲು

ನನ್ನ ಗಂಡನ ಹಾಡಿಗೆ ಪತ್ರಿಕೆಯವರು ಇಟ್ಟ ಹೆಸರು ಸೈಕೆಡೆಲಿಕ್ ಜಾನಪದ. ನಮ್ಮತ್ತೆ ಇಟ್ಟಿದ್ದು ಗಾಳಿ ಹಿಡಿದ ಭಜನೆ. ಯಲಹಂಕದ ಭಜನೆಮನೆಯಲ್ಲಿ ಕಲಿತ ತತ್ವಪದಗಳಿಗೆ ಎಲೆಕ್ಟ್ರಿಕ್ ಗಿಟಾರು ಸೇರಿಸಿ, ಒಂದೊಂದು ಮಾತೂ ಬಾವಿಯೊಳಗೆ ಕೂಗಿದಂತೆ ಸುತ್ತಿ ಸುತ್ತಿ ಮರಳಿ ಬರುವ ಹಾಗೆ ಇವರು ಹಾಡುತ್ತಿದ್ದರು. ವಯಸ್ಸಿನಲ್ಲಿ ಎರಡು ಕ್ಯಾಸೆಟ್ ಬಂದವು. ಆಮೇಲೆ ಕೇಳುವವರು ಕಡಿಮೆಯಾದರು, ಇವರು ಮಾತ್ರ ನಿಲ್ಲಿಸಲಿಲ್ಲ. ಹೋದ ವರ್ಷ ಗಂಟಲಿನಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಗಲೇಬೇಕು, ಆದ ಮೇಲೆ ಹಾಡುವ ದನಿ ಉಳಿಯುತ್ತದೆಂಬ ಭರವಸೆ ಕೊಡಲಾರೆ ಎಂದರು ಡಾಕ್ಟರು. "ಅಷ್ಟರೊಳಗೆ ಒಂದು ಆಲ್ಬಮ್ ಮುಗಿಸ್ಬಿಡ್ತೀನಿ" ಎಂದು ಇವರು ಆರ್.ಟಿ. ನಗರದಲ್ಲೊಂದು ಸ್ಟುಡಿಯೊ ಗೊತ್ತುಮಾಡಿದರು.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಗಂಟಲಿನ ಭಯ ಒಂದು ಕಡೆ. ಇನ್ನೊಂದನ್ನು ಹೇಳಿಕೊಳ್ಳಲು ನಾಚಿಕೆ: ಈ ಸಲವಾದರೂ ನನ್ನನ್ನು ಹಾಡಲು ಕರೆಯುತ್ತಾರಾ?

ಭಜನೆಯಲ್ಲಿ ಒಬ್ಬರು ಸಾಲು ಎತ್ತಿದರೆ ಉಳಿದವರು ಅದನ್ನೇ ತಿರುಗಿ ಹಾಡಬೇಕು. ಸೊಲ್ಲು ಹಿಡಿಯುವುದು ಎನ್ನುತ್ತೇವೆ ನಾವು. ಮದುವೆಯಾದಾಗಿನಿಂದ ಇವರು ನಡುಮನೆಯಲ್ಲಿ ಅಭ್ಯಾಸಕ್ಕೆ ಕೂತರೆ ಅಡುಗೆಮನೆಯಿಂದ ಸೊಲ್ಲು ಹಿಡಿದವಳು ನಾನು. ಮುದ್ದೆ ತಿರುವುತ್ತ ಹಿಡಿದಿದ್ದೇನೆ, ಅಳುವ ಮಗುವನ್ನು ಸೊಂಟಕ್ಕೇರಿಸಿಕೊಂಡು ಹಿಡಿದಿದ್ದೇನೆ, ಇವರ ಮೇಲಿನ ಸಿಟ್ಟಿಗೆ ಪಾತ್ರೆ ಕುಕ್ಕುತ್ತಲೂ ಹಿಡಿದಿದ್ದೇನೆ. ಕ್ಯಾಸೆಟ್ ಮಾಡಿದಾಗ ಮಾತ್ರ ಸೊಲ್ಲಿಗೆ ಬೇರೆಯವರು ಬಂದರು.

ಸ್ಟುಡಿಯೊಗೆ ಬುತ್ತಿ ಹಿಡಿದು ನಾನೂ ಹೋಗುತ್ತಿದ್ದೆ. ರೆಕಾರ್ಡಿಂಗ್ ಮಾಡುವವಳು ಅದೇ ಬಡಾವಣೆಯ ಹುಡುಗಿ. ಫೋನಿನಲ್ಲಿ ಅಮ್ಮನ ಜೊತೆ ಉರ್ದು, ನಮ್ಮ ಜೊತೆ ಕನ್ನಡ, ಕಂಪ್ಯೂಟರಿನ ಜೊತೆ ಎರಡರಲ್ಲೂ ಬೈಗುಳ. ಗಾಜಿನಾಚೆ ಇವರು ಒಬ್ಬರೇ ಹೆಡ್‌ಫೋನ್ ಹಾಕಿಕೊಂಡು ಒಂದು ಸಾಲು ಹಾಡಿ ಸುಮ್ಮನಾಗುವರು. ಮತ್ತೊಂದು ಸಾಲು, ಮತ್ತೆ ಸುಮ್ಮನೆ.

"ಅಂಕಲ್, ಪ್ರತಿ ಲೈನ್ ಆದ್ಮೇಲೆ ಯಾಕೆ ನಿಲ್ಲಿಸ್ತೀರ?" ಎಂದಳು ಹುಡುಗಿ.

"ಗೊತ್ತಿಲ್ಲಮ್ಮ. ಉಸಿರಿಗೇನೋ."

ಅವಳು ಪಾಪ, ಗಂಟಲಿನ ಕಾಯಿಲೆಯೇ ಅಂದುಕೊಂಡು ಆ ಖಾಲಿ ಜಾಗಗಳನ್ನೆಲ್ಲ ಕತ್ತರಿಸಿ ಸಾಲಿಗೆ ಸಾಲು ಅಂಟಿಸಿ ಕೊಟ್ಟಳು. ಮನೆಯಲ್ಲಿ ಅದನ್ನು ಕೇಳಿದ ಮೇಲೆ ಇವರು ಕೂರಲೇ ಇಲ್ಲ. "ನಾಯಿ ಅಟ್ಟಿಸ್ಕೊಂಡ್ ಬಂದಂಗೆ ಹಾಡಿದೀನಲ್ಲೇ. ಏನೋ ತಪ್ಪಿದೆ" ಎನ್ನುತ್ತ ಬಾಗಿಲಿಂದ ಬಾಗಿಲಿಗೆ ತಿರುಗಿದರು. ಏನು ತಪ್ಪಿದೆ ಎಂಬುದು ನನಗೆ ಅಂಗೈ ನೆಲ್ಲಿಕಾಯಿ. ಆದರೂ ಬಾಯಿ ಬಿಡಲಿಲ್ಲ. ಕೇಳಲಿ, ಅವರೇ ಕೇಳಲಿ.

ಮರುದಿನ ಹೆಬ್ಬಾಳದ ಫ್ಲೈಓವರ್ ಮೇಲೆ ನಮ್ಮ ಆಟೊ ಮಿಸುಕಲೇ ಇಲ್ಲ. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಆ ಖಾಲಿ ಜಾಗ ನಂದು ಕಣ್ರೀ. ನಾನು ಸೊಲ್ಲು ಹಿಡೀಲಿ ಅಂತ ನಿಲ್ಲಿಸ್ತಿದೀರ."

ಇವರು ಕಣ್ಣು ಕಣ್ಣು ಬಿಟ್ಟರು. "ಹೌದಲ್ವೇನೇ! ಮತ್ತೆ ಹಿಡೀಬೇಕಿತ್ತು ತಾನೆ?"

"ಕರೆದ್ರಾ?"

"ಅದಕ್ಕೂ ಕರೀಬೇಕಾ? ಮನೇಲಿ ಯಾವತ್ತಾದ್ರೂ ಕರ್ದಿದೀನಾ?"

"ಅದನ್ನೇ ನಾನು ಹೇಳ್ತಿರೋದು."

ಆಟೊದವನು ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿದ್ದ. ಇವರು ಕೆಳಗಿನ ಕೆರೆಯ ಕಡೆ ಮುಖ ತಿರುಗಿಸಿ, "ಬಾರೇ, ಹಾಡು ಬಾ" ಎಂದರು. ಅಳು ಬಂತು. ಟ್ರಾಫಿಕ್ಕಿನ ಹೊಗೆ ಎಂದು ಸೆರಗಿನಿಂದ ಒರೆಸಿಕೊಂಡೆ.

ಕರೆದರೇನು, ಮೈಕಿನ ಮುಂದೆ ನಿಂತರೆ ನನಗೆ ದನಿಯೇ ಹೊರಡಲಿಲ್ಲ. ಅವಮಾನವಾಗಿ ಹೊರಬಂದವಳು ಚಹಾ ಮಾಡುವ ಕೋಣೆಗೆ ಹೋಗಿ ಸಿಂಕಿನಲ್ಲಿದ್ದ ಲೋಟ ತೊಳೆಯತೊಡಗಿದೆ. ತೆರೆದ ಬಾಗಿಲುಗಳ ಆಚೆಯಿಂದ ಇವರ ಸಾಲು ಬಂತು. ನನಗೆ ಗೊತ್ತಾಗುವ ಮೊದಲೇ ಸೊಲ್ಲು ಹಿಡಿದಿದ್ದೆ. ಹುಡುಗಿ ಮೈಕು ಎಳೆದುಕೊಂಡು ಓಡಿ ಬಂದಳು.

"ಆಂಟಿ, ನಲ್ಲಿ ನಿಲ್ಲಿಸಿ! ಹಾಡು ನಿಲ್ಲಿಸ್ಬೇಡಿ!"

ಆಲ್ಬಮ್ ಪೂರ್ತಿ ನನ್ನ ದನಿ ಹಾಗೆಯೇ ಇದೆ, ಪಕ್ಕದ ಕೋಣೆಯಿಂದ.

ಆಪರೇಷನ್ ಆಯಿತು. ಗಾಯ ಮಾಗುವವರೆಗೆ ಇವರು ತುಟಿ ಪಿಟಕ್ಕೆನ್ನುವಂತಿಲ್ಲ. ಮೊನ್ನೆ ನಡುಮನೆಯಲ್ಲಿ ಕೂತು ಫೋನಿನಲ್ಲಿ ಆಲ್ಬಮ್ ಹಾಕಿದರು. ನಾನು ಮುದ್ದೆ ತಿರುವುತ್ತಿದ್ದೆ. ಇವರ ಸಾಲು ಮುಗಿಯಿತು, ಬಾಯಿ ತೆರೆದೆ, ನನಗಿಂತ ಮೊದಲೇ ನನ್ನ ದನಿ ಫೋನಿನಿಂದ ಸೊಲ್ಲು ಹಿಡಿಯಿತು. ಜಗಳವಾಡಿ ಪಡೆದ ಜಾಗ, ಈಗ ಅಲ್ಲಿ ನನಗೇ ಕೆಲಸವಿಲ್ಲ.

"ಆಫ್ ಮಾಡ್ರೀ ಅದನ್ನ!"

ಮಾಡಿದರು. ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಮನೆಯಲ್ಲಿ ಅಷ್ಟು ಮೌನ ನಾನು ಕೇಳಿರಲಿಲ್ಲ, ತಡೆಯಲಾಗಲಿಲ್ಲ. ಮದುವೆಯಾದಾಗಿನಿಂದ ಬರೀ ಸೊಲ್ಲು ಹಿಡಿದವಳು ಅಂದು ಮೊದಲ ಸಲ ನಾನೇ ಸಾಲು ಎತ್ತಿದೆ. ಎತ್ತಿ, ನಿಲ್ಲಿಸಿದೆ. ಇವರ ತುಟಿ ಅಲುಗಿತು, ದನಿಯಿಲ್ಲ. ಆಮೇಲೆ ಕೈ ಎತ್ತಿ ಬೆರಳ ಗೆಣ್ಣಿನಿಂದ ಬಾಗಿಲ ಚೌಕಟ್ಟಿನ ಮೇಲೆ ತಟ್ಟತೊಡಗಿದರು. ಮುದ್ದೆ ಸೀದ ವಾಸನೆ ಬರುತ್ತಿತ್ತು. ಬರಲಿ ಎಂದುಕೊಂಡೆ. ಅವರು ಇಡೀ ಸಾಲನ್ನು ತಟ್ಟಿ ಮುಗಿಸುವವರೆಗೂ ನಾನು ಮುಂದಿನದನ್ನು ಎತ್ತಲಿಲ್ಲ.