ಹಡಗಿನ ಪಾನೀಯ ಪ್ಯಾಕೇಜೂ ನಮ್ಮ ಮನೆಯ ಚೊಂಬೂ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಸ್ಟೀಲಿನ ಚೊಂಬು ಇದೆ. ಅದರ ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳಲ್ಲಿ ನನ್ನ ಹೆಂಡತಿಯ ಸೋದರಮಾವನ ಹೆಸರೂ, ತಾಯಲೂರು ಎಂಬ ಅವರ ಊರಿನ ಹೆಸರೂ, ನಮ್ಮ ಮದುವೆಯ ತಾರೀಖೂ ಇವೆ. ಕೊಟ್ಟವರನ್ನು ಪಡೆದವರು ಮರೆತುಬಿಟ್ಟಾರೆಂಬ ಮುಂದಾಲೋಚನೆಯಿಂದ ನಮ್ಮ ಕಡೆಯವರು ಉಡುಗೊರೆಯ ಪಾತ್ರೆಗಳನ್ನೆಲ್ಲ ಹೀಗೆ ಶಾಸನಗಳನ್ನಾಗಿ ಮಾಡಿಬಿಡುತ್ತಾರೆ. ಕಳೆದ ಒಂದೂವರೆ ವರ್ಷದಿಂದ ದಿನಾ ಬೆಳಿಗ್ಗೆ ಈ ಚೊಂಬನ್ನು ತೊಳೆದು, ಕಾಯಿಸಿ ಆರಿಸಿದ ನೀರನ್ನು ಅದರ ಕಂಠದವರೆಗೆ ತುಂಬಿಸುವ ಅಧಿಕಾರ ನನ್ನದಾಗಿದೆ. ಗರ್ಭಗುಡಿಯ ಅರ್ಚಕರಿಗೂ ಇಲ್ಲದ ಗಾಂಭೀರ್ಯದಿಂದ ನಾನದನ್ನು ನೆರವೇರಿಸುತ್ತೇನೆ.

ಯಾಕೆಂದರೆ, ಮಿತ್ರರೇ, ಆ ಒಂದು ಚೊಂಬೇ ನನ್ನ ಹೆಂಡತಿ ರತ್ನಮ್ಮನ ಇಡೀ ದಿನ. ಅವಳ ಹೃದಯ ಕೊಂಚ ಬಳಲಿದೆಯೆಂದೂ, ಹೆಚ್ಚು ನೀರನ್ನು ಅದು ತಾಳಲಾರದೆಂದೂ, ದಿನವೊಂದಕ್ಕೆ ಒಳಗೆ ಹೋಗುವ ದ್ರವವೆಲ್ಲ ಸೇರಿ ಇಷ್ಟೇ ಇರಬೇಕೆಂದೂ ಕೋಲಾರದ ಆಸ್ಪತ್ರೆಯ ಡಾಕ್ಟರಮ್ಮ ತಾಕೀತು ಮಾಡಿ ಕಳಿಸಿದ್ದಾರೆ. ಅವಳು ಒಂದು ಗುಟುಕು ಕಾಫಿ ಕುಡಿದರೆ ಅಷ್ಟೇ ನೀರನ್ನು ಚೊಂಬಿನಿಂದ ತೆಗೆದು ಹಿತ್ತಲಿನ ಕರಿಬೇವಿನ ಗಿಡಕ್ಕೆ ಹಾಕಬೇಕು. ಸಾರು ತುಸು ಹೆಚ್ಚು ಕಲಸಿಕೊಂಡರೆ ಅದಕ್ಕೂ ಅದೇ ದಂಡ. ಮಾಲೂರಿನ ನಮ್ಮ ಬೀದಿಗೆ ನಲ್ಲಿಯ ನೀರು ಯಾವಾಗ ಬರುತ್ತದೆಂಬುದು ಇಂದಿಗೂ ಜ್ಯೋತಿಷ್ಯಕ್ಕೆ ಸೇರಿದ ವಿಷಯವಾಗಿರುವಾಗ, ನಮ್ಮ ಕರಿಬೇವು ಮಾತ್ರ ರಾಜವಂಶದಲ್ಲಿ ಹುಟ್ಟಿದಂತೆ ಬೆಳೆದು ನಿಂತಿದೆ.

ಆಸ್ಪತ್ರೆಯಲ್ಲಿದ್ದಾಗ, ತುಟಿ ಒಣಗಿ, ಹತ್ತಿಯಲ್ಲಿ ಒದ್ದೆ ಮಾಡಿಸಿಕೊಳ್ಳುತ್ತಿದ್ದ ಒಂದು ಮಧ್ಯಾಹ್ನ ರತ್ನಮ್ಮ ನನ್ನನ್ನು ಹತ್ತಿರ ಕರೆದು, "ಬಾಯಿ ತುಂಬಾ ಕುಡಿಯೋಕಂತೂ ಇವರು ಬಿಡಲ್ಲ ಕಣ್ರೀ. ಕಣ್ಣು ತುಂಬಾ ಆದ್ರೂ ಒಂದ್ಸಲ ನೀರು ನೋಡ್ಬೇಕು" ಅಂದಳು. ನದಿಯೆಂಬುದನ್ನು ಭೂಪಟದ ನೀಲಿ ಗೆರೆಯಾಗಿ ಮಾತ್ರ ಓದಿ ಪಾಸಾದ ಜಿಲ್ಲೆಯವರು ನಾವು. ಕೆರೆ ಕೋಡಿ ಹೋಯಿತೆಂದರೆ ಸಂಸಾರ ಸಮೇತ ನೋಡಲು ಹೋಗುವವರು. ಆಗಲಿ ಅಂದೆ. ಅಂಥ ಹೊತ್ತಿನಲ್ಲಿ ಆಗಲಿ ಅನ್ನದ ಗಂಡಸು ಇದ್ದಾನೆಯೆ? ಆದರೆ ಅವಳು ತನ್ನ ಕಾಲ ಮೇಲೇ ಮನೆಯೊಳಗೆ ನಡೆದು ಬಂದಳು, ಮೆಲ್ಲಗೆ ಚೇತರಿಸಿಕೊಂಡಳು, ಡಾಕ್ಟರಮ್ಮ ಪ್ರಯಾಣಕ್ಕೆ ಒಪ್ಪಿಗೆಯನ್ನೂ ಕೊಟ್ಟರು. ನನ್ನ 'ಆಗಲಿ' ಎಂಬ ಪದ ಚೆನ್ನೈ ಬಂದರಿನಿಂದ ಹೊರಟು ನಾಲ್ಕು ದಿನ ಸಮುದ್ರ ಸುತ್ತಿ ಬರುವ ಒಂದು ದೊಡ್ಡ ಹಡಗಿನ ಟಿಕೆಟ್ಟಾಗಿ ಪರಿಣಮಿಸಿತು.

ಟಿಕೆಟ್ ಮಾಡಿಸಿದವಳು ರತ್ನಮ್ಮನ ತಮ್ಮನ ಮಗಳು ಪವಿತ್ರ. ಅವಳು ಕೋಲಾರದ ಒಂದು ಟ್ರಾವೆಲ್ಸ್ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಎಲ್ಲ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಅವಳ ಫೋನು ಬಂತು: ಡ್ರಿಂಕ್ಸ್ ಪ್ಯಾಕೇಜ್ ಬೇಕೋ ಬೇಡವೋ, ಶುಕ್ರವಾರ ಸಾಯಂಕಾಲದೊಳಗೆ ಹೇಳಬೇಕು. ನಾನು ಕೇಳುವ ಮೊದಲೇ, ಇದರಲ್ಲಿ ಹೆಂಡ ಸಾರಾಯಿ ಏನೂ ಇಲ್ಲವೆಂದೂ, ಬಣ್ಣ ಬಣ್ಣದ ಹಣ್ಣಿನ ರಸ, ಐಸು ಹಾಕಿದ ಟೀ, ನೊರೆ ಬರುವ ಕಾಫಿ ಇತ್ಯಾದಿಗಳನ್ನು ಎಷ್ಟು ಬೇಕಾದರೂ ಕುಡಿಯಬಹುದೆಂದೂ ವಿವರಿಸಿದಳು. ಆಮೇಲೆ ಷರತ್ತುಗಳು ಬಂದವು.

"ಮಾವ, ಒಂದೇ ರೂಮಲ್ಲಿ ಇರೋರು ಇಬ್ರೂ ತಗೋಬೇಕು, ಅದು ರೂಲ್ಸು. ಅತ್ತೆಗೆ ಡಾಕ್ಟರ್ ಚೀಟಿ ಕೊಟ್ರೆ ಬಿಡ್ತಾರಂತೆ. ಆದ್ರೆ ನಿಮ್ದನ್ನ ಅತ್ತೆ ಕುಡಿಯಂಗಿಲ್ಲ. ಒಂದ್ ಗುಟುಕೂ ಇಲ್ಲ. ಹಂಚ್ಕೊಂಡ್ರೆ ಪ್ಯಾಕೇಜ್ ಕಾರ್ಡೇ ಕಿತ್ಕೋತಾರೆ."

ಇಲ್ಲಿ ನಾನೊಂದು ಐತಿಹಾಸಿಕ ಸತ್ಯವನ್ನು ನಿಮ್ಮ ಮುಂದಿಡಬೇಕು. ಮದುವೆಯಾದ ಹೊಸತರಲ್ಲಿ ಮಾಲೂರು ಸ್ಟೇಷನ್ನಿನ ಎದುರಿನ ಹೋಟೆಲಿಗೆ ಅವಳನ್ನು ಮೊದಲ ಸಲ ಕರೆದೊಯ್ದವನು ಬೆಂಗಳೂರಿನ ಕಚೇರಿಯೊಂದರ ಕಿರಿಯ ಗುಮಾಸ್ತನಾಗಿದ್ದ ನಾನು. ಹೇಳಿದ್ದು ಒಂದು ಬೈಟು ಕಾಫಿ. ಅಂದಿನಿಂದ ನಾವಿಬ್ಬರೂ ಸೇರಿ ಹೊರಗೆ ಎಲ್ಲಿ ಕೂತರೂ ಬೈಟುವೇ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚುವ ಈ ಪದ್ಧತಿ ನಮ್ಮ ನಾಡಿನ ಹೋಟೆಲುಗಳು ಮನುಕುಲಕ್ಕೆ ಕೊಟ್ಟ ಕಾಣಿಕೆಯೆಂಬುದು ನನ್ನ ದೃಢವಾದ ಅಭಿಪ್ರಾಯ. ಅದು ಗಣಿತವನ್ನು ಮೀರಿದ್ದು. ಹೋಟೆಲಿನವನು ಎಷ್ಟೇ ಜಿಪುಣನಾಗಿರಲಿ, ಬೈಟು ಸುರಿಯುವಾಗ ಅವನ ಕೈ ತುಸು ಸಡಿಲವಾಗುತ್ತದೆ. ಎರಡು ಅರ್ಧಗಳು ಸೇರಿದರೆ ಒಂದಕ್ಕಿಂತ ಹೆಚ್ಚೇ ಇರುತ್ತದೆ. ಪೂರ್ಣದಿಂದ ಪೂರ್ಣವನ್ನು ಕಳೆಯುವ ವೇದಾಂತ ನನಗೆ ಅರ್ಥವಾಗಿದ್ದರೆ, ಅದು ಉಪನ್ಯಾಸಗಳಿಂದಲ್ಲ, ಬೈಟು ಕಾಫಿಯಿಂದ.

ಹೀಗಿರುವಾಗ ಪ್ಯಾಕೇಜಿನ ಪ್ರಶ್ನೆಯನ್ನು ಶಾಸ್ತ್ರೋಕ್ತವಾಗಿ ಇತ್ಯರ್ಥ ಮಾಡಬೇಕೆಂದು ವೆಂಕಟೇಶಪ್ಪನ ಹತ್ತಿರ ಹೋದೆ. ಇಪ್ಪತ್ತೆಂಟು ವರ್ಷ ನಾವಿಬ್ಬರೂ ಬೆಳಗಿನ ರೈಲಿನ ಒಂದೇ ಬೋಗಿಯಲ್ಲಿ, ಎದುರು ಬದುರು ಕೂತು ಬೆಂಗಳೂರಿಗೆ ಹೋಗಿ ಬಂದವರು. ರಾಷ್ಟ್ರದ ಎಷ್ಟೋ ಸಮಸ್ಯೆಗಳನ್ನು ವೈಟ್‌ಫೀಲ್ಡ್ ದಾಟುವ ಮೊದಲೇ ಬಗೆಹರಿಸಿದವರು. ಅವನು ಹೋದ ವರ್ಷ ಇಂಥದೇ ಹಡಗಿನಲ್ಲಿ ಹೋಗಿ ಬಂದಿದ್ದ. ಪ್ಯಾಕೇಜನ್ನೂ ಕೊಂಡಿದ್ದ. ಕಣ್ಣು ಮುಚ್ಚಿ, ಬೆರಳು ಮಡಚಿ, "ದಿನಕ್ಕೆ ಏಳು ಕುಡಿದ್ರೆ ಗಿಟ್ಟುತ್ತೆ ಕಣ್ಲಾ. ಆರಕ್ಕೆ ನಿಲ್ಸಿದ್ಯೋ, ಹಡಗಿನೋನು ಗೆದ್ದ" ಅಂದ. ನೀನು ಗೆದ್ದೆಯೋ ಎಂದು ಕೇಳಿದೆ. ಗೆದ್ದನಂತೆ. ಆದರೆ ಸಮುದ್ರ ಹೇಗಿತ್ತೆಂದು ಕೇಳಿದ್ದಕ್ಕೆ ಅವನಿಗೆ ತಕ್ಷಣ ನೆನಪಾಗಲಿಲ್ಲ.

ಏಳು ಎಂಬ ಸಂಖ್ಯೆಯನ್ನು ಹೊತ್ತು ಮನೆಗೆ ಬಂದವನು ಮರುದಿನವೇ ಪೂರ್ವಾಭ್ಯಾಸಕ್ಕೆ ಇಳಿದೆ. ರತ್ನಮ್ಮನ ಕಣ್ಣೆದುರು ಕುಡಿಯುವುದು ಸರಿಯಲ್ಲವೆಂದು, ಲೈಬ್ರರಿಗೆ ಹೋಗುತ್ತೇನೆಂದು ಹೇಳಿ ಹೊರಬಿದ್ದೆ. ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಒಂದು ಪೂರ್ತಿ ಕಾಫಿ ಹೇಳಿದಾಗ ಯಜಮಾನರು ಅಡುಗೆಮನೆಯ ಕಡೆ ನೋಡಿ, ಮತ್ತೆ ನನ್ನ ಕಡೆ ನೋಡಿ, ಮನೆಯಲ್ಲಿ ಎಲ್ಲ ಕ್ಷೇಮವೆ ಎಂದು ವಿಚಾರಿಸಿದರು. ಅಲ್ಲಿಂದ ಎಳನೀರು, ಅಲ್ಲಿಂದ ಕಬ್ಬಿನ ಹಾಲು, ಬಸ್ ಸ್ಟ್ಯಾಂಡಿನ ಬಳಿ ನಿಂಬೆ ಸೋಡ. ಐದನೆಯದಾದ ಬಾದಾಮಿ ಹಾಲಿನ ಹೊತ್ತಿಗೆ ಸೂರ್ಯ ನೆತ್ತಿಗೂ ಬಂದಿರಲಿಲ್ಲ, ನನಗೆ ಮಾತ್ರ ಜಗತ್ತಿನಲ್ಲಿ ಒಂದೇ ಒಂದು ಸ್ಥಳಕ್ಕೆ ಹೋಗಬೇಕೆನ್ನಿಸುತ್ತಿತ್ತು. ಆರನೆಯ ಮಜ್ಜಿಗೆ ಗಂಟಲಿಗೆ ಹೋಗಲು ಒಪ್ಪದೆ ಅರ್ಧ ಅಂಗಿಯ ಮೇಲೆ ಇಳಿಯಿತು. ಬಾಯಾರಿಕೆಯಿಲ್ಲದೆ ಕುಡಿಯುವುದೂ ಒಂದು ನೌಕರಿಯೇ ಎಂಬ ಜ್ಞಾನೋದಯದೊಂದಿಗೆ ಏಳನೆಯದನ್ನು ಕೈಬಿಟ್ಟು, ಹಡಗಿನವನಿಗೆ ಗೆಲುವನ್ನು ಬಿಟ್ಟುಕೊಟ್ಟು, ಸಾಧ್ಯವಾದಷ್ಟು ಬೇಗ ಮನೆ ಸೇರಿದೆ.

ರತ್ನಮ್ಮ ನನ್ನ ಅಂಗಿಯ ಮೇಲಿನ ಕೊತ್ತಂಬರಿ ಸೊಪ್ಪಿನ ಚೂರನ್ನು ತೆಗೆದು, "ಲೈಬ್ರರೀಲಿ ಮಜ್ಜಿಗೇನೂ ಕೊಡ್ತಾರಾ ಈಗ" ಎಂದು ಕೇಳಿದಳು.

ಎಲ್ಲವನ್ನೂ ಹೇಳಬೇಕಾಯಿತು. ಪವಿತ್ರಳ ಫೋನು, ಷರತ್ತು, ಶುಕ್ರವಾರ, ಏಳು. ಅವಳು ನಗುತ್ತಾಳೆಂದುಕೊಂಡೆ. ನಗಲಿಲ್ಲ. ಚೊಂಬಿನ ಮುಚ್ಚಳವನ್ನು ತೆಗೆದು, ಎಷ್ಟಿದೆಯೆಂದು ನೋಡಿ, ಮತ್ತೆ ಮುಚ್ಚಿ, ಡಾಕ್ಟರ್ ಚೀಟಿ ಕೊಟ್ಟು ನನಗೊಬ್ಬನಿಗೆ ಪ್ಯಾಕೇಜ್ ಮಾಡಿಸಿಕೊಳ್ಳಬೇಕೆಂದು ಹೇಳಿದಳು. ಬೇಡವೆಂದೆ. ಹಾಗಾದರೆ ತಾನು ಹಡಗಿಗೇ ಬರುವುದಿಲ್ಲವೆಂದಳು. ರತ್ನಮ್ಮ ಬೆದರಿಕೆ ಹಾಕುವ ಜಾತಿಯವಳಲ್ಲ. ಅವಳು ಹೇಳಿದ್ದು ಅಂದಿನಿಂದಲೇ ಜಾರಿಗೆ ಬರುತ್ತದೆ.

"ನನ್ ಬಾಯಾರಿಕೆ ನಂಗೆ ಅಭ್ಯಾಸ ಆಯ್ತು ಕಣ್ರೀ. ನೀವು ನನ್ ಜೊತೆ ಅರ್ಧ ಲೋಟ ಹಿಡ್ಕೊಂಡು ಕೂತಿರ್ತೀರಲ್ಲ, ಅದನ್ನ ನೋಡೋದು ಅಭ್ಯಾಸ ಆಗ್ಲಿಲ್ಲ. ನನ್ನಿಂದ ನಿಮ್ದೂ ಅರ್ಧ ಆಗೋಯ್ತು. ನಾಲ್ಕು ದಿನ ಆದ್ರೂ ತುಂಬಿದ್ ಲೋಟ ಕುಡೀರಿ."

ಒಂದೂವರೆ ವರ್ಷ ಒಂದೇ ಸೂರಿನಡಿ ಅವಳು ಈ ಲೆಕ್ಕವನ್ನು ಹೊತ್ತು ತಿರುಗುತ್ತಿದ್ದುದು ನನಗೆ ತಿಳಿದೇ ಇರಲಿಲ್ಲ. ಹಡಗು ಹೋಗಲಿ, ನಾನು ಅವಳಿಗೋಸ್ಕರ ಏನನ್ನೋ ಕಳೆದುಕೊಂಡು ಬದುಕುತ್ತಿದ್ದೇನೆಂಬ ನಂಬಿಕೆಯನ್ನು ಇಟ್ಟುಕೊಂಡು ಅವಳು ದಿನಾ ಆ ಚೊಂಬಿನ ಎದುರು ಕೂರುವುದಾದರೆ, ನಾನು ಕಂಠದವರೆಗೆ ತುಂಬಿಸುವುದರಿಂದ ಬಂದ ಭಾಗ್ಯವಾದರೂ ಏನು? ಆದರೆ ನಮ್ಮ ಕಾಲದ ಗಂಡಸರಿಗೆ ಹೆಂಡತಿಯ ಎದುರು ಇಂಥದನ್ನು ಬಾಯಿ ಬಿಟ್ಟು ಹೇಳುವ ತರಬೇತಿಯನ್ನು ಯಾರೂ ಕೊಟ್ಟಿರಲಿಲ್ಲ. ಕಚೇರಿಯಲ್ಲಾದರೆ ಒಂದು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಬಹುದಿತ್ತು. ಇಲ್ಲಿ ಮೇಲೆ ಕೆಳಗೆ ಯಾರೂ ಇರಲಿಲ್ಲ. ಎದುರಿಗೆ ಅವಳಿದ್ದಳು, ನಡುವೆ ಚೊಂಬಿತ್ತು.

ಆದ್ದರಿಂದ ಚೊಂಬನ್ನೇ ನೋಡುತ್ತ, ಈವರೆಗೆ ಯಾರಿಗೂ ಹೇಳಿರದ ಒಂದು ಸಂಗತಿಯನ್ನು ಹೇಳಿದೆ. ಅವಳನ್ನು ಆಸ್ಪತ್ರೆಗೆ ಸೇರಿಸಿದ ಎರಡನೆಯ ದಿನ, ಒಳಗೆ ಬಿಡುವುದಿಲ್ಲವೆಂದು ಹೊರಗೆ ಕಳಿಸಿದಾಗ, ಕ್ಯಾಂಟೀನಿಗೆ ಹೋಗಿ ಕೂತೆ. ಸಪ್ಲೈಯರ್ ಬಂದು ಏನು ಬೇಕೆಂದು ಕೇಳಿದ. ನಾಲಿಗೆ ತನ್ನಷ್ಟಕ್ಕೆ ತಾನೇ ಒಂದು ಬೈಟು ಅಂದುಬಿಟ್ಟಿತು. ಅವನು ಎರಡು ಲೋಟ ತಂದು, ಒಂದನ್ನು ನನ್ನ ಮುಂದೆ, ಇನ್ನೊಂದನ್ನು ಎದುರಿನ ಖಾಲಿ ಕುರ್ಚಿಯ ಮುಂದೆ ಇಟ್ಟು ಹೋದ. ಆ ಲೋಟದಿಂದ ಹಬೆ ಏಳುವುದು ನಿಲ್ಲುವವರೆಗೂ ನಾನು ಅದನ್ನೇ ನೋಡುತ್ತ ಕೂತಿದ್ದೆ.

"ಆವತ್ತು ಇಡೀ ಕಾಫಿ ನನ್ದೇ ಆಗಿತ್ತು ಕಣೇ, ರತ್ನಾ. ನಂಗದು ಬೇಡ."

ಹಿತ್ತಲಾಚೆ ಯಾರದೋ ಮನೆಯ ಸಂಪಿನೊಳಕ್ಕೆ ಟ್ಯಾಂಕರಿನ ನೀರು ಬೀಳುವ ಸದ್ದು ಕೇಳುತ್ತಿತ್ತು.

"ಆ ಇನ್ನೊಂದ್ ಲೋಟ ಏನ್ಮಾಡಿದ್ರಿ?"

"ಕುಡಿದೆ. ತಣ್ಣಗಾಗಿತ್ತು."

"ಬಿಸಿ ಇದ್ದಾಗ ಕುಡಿಯೋಕ್ಕೇನಾಗಿತ್ತು ನಿಮಗೆ" ಅಂದಳು. ಆಮೇಲೆ ಸೆರಗಿನ ತುದಿಯಿಂದ, ಸ್ವಚ್ಛವಾಗಿಯೇ ಇದ್ದ ಚೊಂಬನ್ನು ಒರೆಸುತ್ತ, "ಪವಿತ್ರಂಗೆ ಬೇಡ ಅಂತ ಹೇಳ್ಬಿಡಿ" ಅಂದಳು. ಶುಕ್ರವಾರಕ್ಕೆ ಇನ್ನೂ ಎರಡು ದಿನ ಬಾಕಿಯಿರುವಂತೆಯೇ ವ್ಯಾಜ್ಯ ಇತ್ಯರ್ಥವಾಯಿತು.

ಹಡಗಿನಲ್ಲಿ ಚೊಂಬೂ ನಮ್ಮ ಜೊತೆಗಿತ್ತು. ಬಂದರಿನ ತಪಾಸಣೆಯಲ್ಲಿ ಅಧಿಕಾರಿಯೊಬ್ಬರು ಅದನ್ನು ತಿರುಗಿಸಿ ಮುರುಗಿಸಿ, ತಾಯಲೂರಿನ ಸೋದರಮಾವನ ಹೆಸರಿನ ಮೇಲೆ ಬೆರಳಾಡಿಸಿ, ಸ್ಫೋಟಕವಲ್ಲವೆಂದು ಮನವರಿಕೆಯಾದ ಮೇಲೆ ಹಿಂತಿರುಗಿಸಿದರು. ಊಟದ ಕೋಣೆಯಲ್ಲಿ ನೀರು, ಟೀ, ಸಾದಾ ಕಾಫಿ ಎಲ್ಲ ಪುಕ್ಕಟೆಯೆಂಬ ಸಂಗತಿ ಹತ್ತಿದ ಮೇಲೆ ತಿಳಿಯಿತು. ಇದನ್ನು ವೆಂಕಟೇಶಪ್ಪ ನನಗೆ ಹೇಳಿರಲಿಲ್ಲ, ಬಹುಶಃ ಅವನಿಗೆ ಆ ಕಡೆ ಹೋಗಲು ಬಿಡುವಿರಲಿಲ್ಲ. ಮೇಲಿನ ಅಂತಸ್ತಿನಲ್ಲಿ ಕೊರಳಿಗೆ ಕಾರ್ಡು ತೂಗಿಸಿಕೊಂಡ ಕುಟುಂಬಗಳು ತಮ್ಮ ತಮ್ಮ ಲೋಟಗಳನ್ನು ಪರೀಕ್ಷೆಗೆ ಕೂತವರಂತೆ ಶ್ರದ್ಧೆಯಿಂದ ಖಾಲಿ ಮಾಡುತ್ತಿದ್ದವು. ನಾವು ಒಂದು ಮೂಲೆಯಲ್ಲಿ ಕೂತು, ಬಿಡಿಯಾಗಿ ದುಡ್ಡು ಕೊಟ್ಟು ನೊರೆ ಕಾಫಿಯೊಂದನ್ನು ಹೇಳಿ, ಜೊತೆಗೊಂದು ಖಾಲಿ ಕಪ್ಪು ಕೇಳಿದೆವು. ಬಡಿಸುತ್ತಿದ್ದ ನಡುವಯಸ್ಸಿನ ಹೆಂಗಸಿಗೆ ಮೊದಲು ಅರ್ಥವಾಗಲಿಲ್ಲ. ಹಂಚಿಕೊಂಡರೆ ತಪ್ಪೇನಾದರೂ ಇದೆಯೆ ಎಂದು ನಾನು ಅಳುಕುತ್ತಲೇ ಕೇಳಿದ್ದಕ್ಕೆ, ಪ್ಯಾಕೇಜ್ ಇದ್ದವರಿಗೆ ಮಾತ್ರ ಆ ನಿಷೇಧ, ಇಲ್ಲದವರು ಹೇಗೆ ಬೇಕಾದರೂ ಕುಡಿಯಬಹುದು ಎಂದು ಅವರು ನಕ್ಕರು. ಮರುದಿನದಿಂದ ನಾವು ಕೇಳದೆಯೇ ಎರಡು ಕಪ್ಪು ಬಂದವು. ಸುರಿಯುವಾಗ ಅವರ ಕೈಯೂ ತುಸು ಸಡಿಲವಾಗುತ್ತಿತ್ತೆಂಬುದನ್ನು ನಾನು ಗಮನಿಸಿದೆ. ಈ ಗುಣ ಮಾಲೂರಿಗೆ ಮಾತ್ರ ಸೇರಿದ್ದೆಂದು ಇಷ್ಟು ದಿನ ಅಂದುಕೊಂಡಿದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಕೊನೆಯ ಸಂಜೆ ಹಡಗಿನ ಅಂಚಿನ ಕಟಕಟೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದೆವು. ರತ್ನಮ್ಮ ನಾಲ್ಕು ದಿನದಿಂದ ನೋಡುತ್ತಿದ್ದರೂ ಅವಳಿಗೆ ಸಾಕಾಗಿರಲಿಲ್ಲ. ಯಾವ ದಿಕ್ಕಿಗೆ ತಿರುಗಿದರೂ ನೀರು. ಏರಿಯಿಲ್ಲ, ತೂಬಿಲ್ಲ, ಕೋಡಿಯಿಲ್ಲ, ಇಂಥವರ ಸರದಿಯೆಂಬುದಿಲ್ಲ. ಇಷ್ಟೆಲ್ಲ ನೀರಿದ್ದೂ ಒಂದು ಗುಟುಕು ಕುಡಿಯಲು ಬರುವುದಿಲ್ಲವಲ್ಲ ಎಂದು ಅವಳು ಸಮುದ್ರದ ಬಗ್ಗೆ ಮರುಕಪಟ್ಟಳು. ನಂತರ ಚೊಂಬಿನೊಳಗೆ ಇಣುಕಿದಳು. ತಳದಲ್ಲಿ ದಿನದ ಕೊನೆಯ ಒಂದೆರಡು ಗುಟುಕು ಉಳಿದಿತ್ತು. ಮನೆಯಲ್ಲಾದರೆ, ರಾತ್ರಿಗೆ ಬೇಕಾದೀತೆಂದು ಉಳಿಸಿ ಹೀಗೆ ಮಿಕ್ಕಿದ್ದೂ ಕರಿಬೇವಿಗೆ. ಇಲ್ಲಿ ಗಿಡವಿರಲಿಲ್ಲ, ಸಮುದ್ರಕ್ಕೆ ಕೊಡುವುದು ಅಷ್ಟು ಅಗತ್ಯವೆಂದು ಇಬ್ಬರಿಗೂ ತೋರಲಿಲ್ಲ. ಅವಳು ಒಂದು ಗುಟುಕು ಕುಡಿದು ಚೊಂಬನ್ನು ನನ್ನ ಕಡೆ ಚಾಚಿದಳು.

"ತಗೊಳ್ಳಿ. ಬೈಟು."

ದಿನವಿಡೀ ಗುಟುಕು ಗುಟುಕಾಗಿ ಉಳಿಸಿಕೊಂಡು ಬಂದ ನೀರು ಅದು. ಬೇಡವೆನ್ನಲು ಬಾಯಿ ತೆರೆದವನು, ಅವಳ ಮುಖ ನೋಡಿ, ತೆರೆದ ಬಾಯನ್ನು ಬೇರೆ ಕೆಲಸಕ್ಕೆ ಬಳಸಿಕೊಂಡೆ. ಚಿಕ್ಕಂದಿನ ಅಭ್ಯಾಸದಂತೆ ತುಟಿಗೆ ತಾಗಿಸದೆ ಎತ್ತಿ ಹಿಡಿದು ಸುರಿದುಕೊಳ್ಳುವಷ್ಟರಲ್ಲಿ ಹಡಗು ತುಸು ವಾಲಿತು. ಅರ್ಧ ಬಾಯಿಗೆ, ಅರ್ಧ ಅಂಗಿಗೆ. ನೆಟ್ಟಗಿರುವ ನೆಲದ ಮೇಲೆ ಕಲಿತ ವಿದ್ಯೆ ಸಮುದ್ರದಲ್ಲಿ ಸಲ್ಲುವುದಿಲ್ಲವೆಂದು ತಿಳಿಯಿತು. ರತ್ನಮ್ಮ, ಆಸ್ಪತ್ರೆಗೆ ಹೋದಾಗಿನಿಂದ ನಾನು ಕೇಳಿರದ ನಗುವನ್ನು, ಅಕ್ಕಪಕ್ಕದವರು ತಮ್ಮ ಲೋಟ ಮರೆತು ತಿರುಗಿ ನೋಡುವಷ್ಟು ಗಟ್ಟಿಯಾಗಿ ನಕ್ಕಳು.

ಊರಿಗೆ ಬಂದಾಯಿತು. ಬೆಳಿಗ್ಗೆ ಚೊಂಬನ್ನು ತುಂಬಿಸುವ ನನ್ನ ಅಧಿಕಾರ ಮುಂದುವರಿದಿದೆ. ಮೊದಲೆಲ್ಲ ಅದನ್ನು ತುಂಬಿಸುವಾಗ, ಇಷ್ಟೇ ಅಲ್ಲವೇ ಅನ್ನಿಸುತ್ತಿತ್ತು. ಈಗ ಅದೇ ಕಂಠ, ಅದೇ ಶಾಸನ, ಅದೇ ಅಳತೆ; ಇದನ್ನು ಸಂಜೆಯವರೆಗೆ ಕುಡಿಯಲು ಅವಳಿದ್ದಾಳಲ್ಲ ಅನ್ನಿಸಿ, ನೀರು ತುಸು ಮೇಲೆ ನಿಂತಂತೆ ಕಾಣುತ್ತದೆ. ಸಂಜೆ ತಳದಲ್ಲಿ ಉಳಿದ ಗುಟುಕು ಈಗ ಗಿಡಕ್ಕೆ ಹೋಗುವುದಿಲ್ಲ, ಬೈಟು ಆಗುತ್ತದೆ. ಇದರಿಂದ ಕರಿಬೇವಿಗೆ ಸ್ವಲ್ಪ ಬೇಸರವಾದಂತಿದೆ, ಎರಡು ಎಲೆ ಹಳದಿಯಾಗಿವೆ. ಅದಕ್ಕೆ ನಾನು ಬೇರೆ ನೀರು ಹಾಕುತ್ತಿದ್ದೇನೆ.